ಸರಾಸರಿ ಅಂಕ

ಕುವೈತಿನ ಫಹಾಹೀಲಿಗೆ ಬಂದಾಗ ನಾಗಮಣಿ ನಾಲ್ಕು ವರ್ಷದ ಹುಡುಗಿ. ಅಪ್ಪ ತಿಮ್ಮರಾಯಪ್ಪ ತುಮಕೂರಿನವರು. ಐ.ಟಿ.ಐ. ಮುಗಿಸಿ, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಎಪ್ಪತ್ತರ ಹೊತ್ತಿಗೆ ಕುವೈತಿಗೆ ಹೋಗಿ ಎಣ್ಣೆ ಕಂಪನಿಗಳಿಗೆ ಗುತ್ತಿಗೆ ಕೆಲಸ ಮಾಡಿಕೊಡುವ ಕಡೆ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದರು. ಪೇಟೆಯ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಮನೆ. ಅಡುಗೆಮನೆಯ ಕಿಟಕಿಯಿಂದ ಒಂದು ತುಂಡು ಸಮುದ್ರ ಕಾಣುತ್ತಿತ್ತು. ಗಾಳಿ ದಿಕ್ಕು ಬದಲಿಸಿದ ದಿನ ರಿಫೈನರಿಯ ವಾಸನೆ ಒಳಗೆ ಬರುತ್ತಿತ್ತು. ಆಗ ಅಮ್ಮ ರಾಜಮ್ಮ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದರು.

ನಾಗಮಣಿ ಹೆಚ್ಚು ಮಾತಾಡುವವಳಲ್ಲ. ಕನ್ನಡ ಎಲ್ಲವೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಏಳನೇ ಕ್ಲಾಸಿನಲ್ಲಿ ಮೊದಲನೆಯವಳಾಗಿ ಬಂದಾಗ ಯುಗಾದಿ ಊಟಕ್ಕೆ ಸೇರಿದ್ದವರಲ್ಲಿ ಯಾರೋ ಇವಳು ಡಾಕ್ಟರಾಗುತ್ತಾಳೆ ಅಂದರು. ಅಲ್ಲಿಂದಾಚೆ ಅದು ತೀರ್ಮಾನವಾದ ಸಂಗತಿಯಂತೆ ಮನೆಯಲ್ಲಿ ಉಳಿದುಬಿಟ್ಟಿತು. ರಾಜಮ್ಮ ಅವಳ ಕೈಗೆ ಪಾತ್ರೆ ತೊಳೆಯಲು ಕೊಡುತ್ತಿರಲಿಲ್ಲ. ಅಂಗಡಿಗೆ ಹೋದರೆ ಮಲಯಾಳಿ ಅಂಗಡಿಯವನೂ ಡಾಕ್ಟರಮ್ಮನಿಗೆ ಏನು ಬೇಕು ಅಂತ ಕೇಳುತ್ತಿದ್ದ. ಅವಳು ಅದಕ್ಕೆ ನಗುತ್ತಲೂ ಇರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ.

ಡಾಕ್ಟರಾಗಬೇಕಿದ್ದರೆ ಊರಿಗೇ ಹೋಗಬೇಕಿತ್ತು. ಕುವೈತಿನ ಯೂನಿವರ್ಸಿಟಿಯಲ್ಲಿ ಹೊರಗಿನವರ ಮಕ್ಕಳಿಗೆ ಜಾಗ ಬಹಳ ಕಡಿಮೆ, ಸಿಕ್ಕರೂ ಅರಬ್ಬಿ ಶಾಲೆಯಲ್ಲಿ ಓದಿದವರಿಗೆ. ಭಾರತೀಯ ಶಾಲೆಯಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗ ಹುಡುಗಿಯರೆಲ್ಲ ಆ ಬೇಸಿಗೆಯಲ್ಲೇ ವಿಮಾನ ಹತ್ತುತ್ತಿದ್ದರು. ಕರ್ನಾಟಕದಲ್ಲಿ ಹೊರದೇಶದಲ್ಲಿ ಓದಿದವರಿಗೆ ಮೆಡಿಕಲ್ ಸೀಟು ಸಿಗುವುದು ಕಷ್ಟ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರರಲ್ಲೂ ಒಳ್ಳೆ ಅಂಕ ಇದ್ದರೆ ಮಾತ್ರ ನೋಡಬಹುದು ಅಂತ ರಾಜಮ್ಮನ ತಮ್ಮ ಶ್ಯಾಮಸುಂದರ್ ಬರೆದಿದ್ದರು. ಅವರು ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅರ್ಜಿ ತರಿಸಿಟ್ಟುಕೊಂಡು ಅಂಕಪಟ್ಟಿಗೆ ಕಾಯುತ್ತಿದ್ದರು.

ಎಂಬತ್ತಮೂರರ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ನಡೆಯಿತು. ತಿಮ್ಮರಾಯಪ್ಪ ಕಂಪನಿಯ ಪಿಕಪ್ ಕೇಳಿ ಪಡೆದು ಮಗಳನ್ನೂ ಕೆಳಗಿನ ಮನೆಯ ಬೆಟ್ಟಿಯನ್ನೂ ಸಮುದ್ರದ ಪಕ್ಕದ ರಸ್ತೆಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೆಟ್ಟಿಯ ಅಪ್ಪ ಲಿಗೋರಿ ಮಂಗಳೂರಿನವರು, ಕುವೈತ್ ನಗರದ ಹತ್ತಿರ ರಾಯ್ ಅನ್ನುವ ಕಡೆ ಕಾರಿನ ಬಿಡಿಭಾಗ ಮಾರುವ ಶೋರೂಮಿನಲ್ಲಿ ಸ್ಟೋರ್‌ಕೀಪರ್. ಬೆಟ್ಟಿ ದಾರಿಯುದ್ದಕ್ಕೂ ಜಪಮಾಲೆ ಹಿಡಿದು ಕೂತಿರುತ್ತಿದ್ದಳು. ನಾಗಮಣಿ ಹೊರಗೆ ನೋಡುತ್ತಿದ್ದಳು.

ಫಿಸಿಕ್ಸ್ ಪೇಪರಿನ ದಿನ ಧೂಳು ಎದ್ದಿತ್ತು. ಪರೀಕ್ಷಾ ಹಾಲಿನ ಕಿಟಕಿಗಳನ್ನು ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಬೀಳುತ್ತಿತ್ತು. ನಾಗಮಣಿ ಎಲ್ಲ ಪ್ರಶ್ನೆಗಳನ್ನೂ ಬರೆದು, ಲೆಕ್ಕಗಳನ್ನು ಮತ್ತೊಮ್ಮೆ ಮಾಡಿ ನೋಡಿ, ಹೆಚ್ಚಿಗೆ ತೆಗೆದುಕೊಂಡ ಹಾಳೆಗಳನ್ನು ದಾರದಿಂದ ಕಟ್ಟಿ ಕೊಟ್ಟು ಹೊರಬಂದಳು. ಗೇಟಿನ ಹತ್ತಿರ ಫಿಸಿಕ್ಸ್ ಮೇಷ್ಟ್ರು ಮಥಾಯಸ್ ಪ್ರಶ್ನೆಪತ್ರಿಕೆ ಹಿಡಿದು ನಿಂತಿದ್ದರು. ಒಂದೊಂದಾಗಿ ಉತ್ತರ ಕೇಳಿದರು, ಅವಳು ಹೇಳಿದಳು. ಅವರು ಪೇಪರನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಇನ್ನು ಹೋಗಿ ಮಲಗು ಅಂದರು.

ಫಲಿತಾಂಶ ಜೂನಿನಲ್ಲಿ ಬಂತು. ಶಾಲೆಯ ಆಫೀಸಿನ ಗಾಜಿನ ಮೇಲೆ ಹಾಳೆ ಅಂಟಿಸಿದ್ದರು. ಬೆಟ್ಟಿ ತನ್ನ ನಂಬರು ಹುಡುಕಿ, ಪಾಸಾಗಿದ್ದು ನೋಡಿ ಶಿಲುಬೆಯ ಗುರುತು ಮಾಡಿಕೊಂಡು, ಆಮೇಲೆ ಗೆಳತಿಯ ನಂಬರಿಗೆ ಬೆರಳು ಇಳಿಸಿದಳು.

"ಮಣಿ, ನಿನ್ನ ನಂಬರಿನ ಎದುರು ಎಂತದೋ ಬೇರೆ ಬರ್ದಿದ್ದಾರೆ" ಅಂದಳು.

ಪಾಸು ಅಂತ ಇರಲಿಲ್ಲ, ಫೇಲು ಅಂತಲೂ ಇರಲಿಲ್ಲ. ಆರ್.ಎಲ್. ಅಂತ ಎರಡಕ್ಷರ ಇತ್ತು. ಇನ್ನೂ ಕೆಲವು ನಂಬರುಗಳ ಎದುರಿಗೂ ಅದೇ. ಹಿಂದೆ ನಿಂತಿದ್ದ ತಿಮ್ಮರಾಯಪ್ಪ ಅದು ರ‍್ಯಾಂಕಿಗೆ ಸಂಬಂಧಪಟ್ಟದ್ದು ಅಂದುಕೊಂಡರು. ಪಕ್ಕದವರಿಗೂ ಹಾಗೇ ಹೇಳಿಬಿಟ್ಟರು. ಒಳಗೆ ಪ್ರಿನ್ಸಿಪಾಲರು ಅವರನ್ನು ಕೂರಿಸಿ, ಇದರರ್ಥ ರಿಸಲ್ಟ್ ಲೇಟರ್, ಯಾವುದೋ ಒಂದು ವಿಷಯದ ಅಂಕ ಬಂದಿಲ್ಲ, ವಿಚಾರಿಸುತ್ತೇವೆ ಅಂದರು. ತಿಮ್ಮರಾಯಪ್ಪ ಹೊರಗೆ ಬಂದು ಪಿಕಪ್ಪಿನ ಬಾಗಿಲು ತೆರೆದು, ಸೀಟು ಸುಡುತ್ತಿದ್ದರಿಂದ ತಮ್ಮ ಕರವಸ್ತ್ರ ಹಾಸಿ ಮಗಳನ್ನು ಕೂರಿಸಿದರು. ದಾರಿಯಲ್ಲಿ ಬೆಟ್ಟಿ ಒಬ್ಬಳೇ ಅತ್ತಳು.

ಜುಲೈಯಲ್ಲಿ ರಜೆಗೆ ಊರಿಗೆ ಹೋದರು. ಅಷ್ಟರಲ್ಲಿ ಕಾಗದ ಬರುತ್ತದೆ ಅನ್ನುವ ನಂಬಿಕೆ ಇತ್ತು, ಬರಲಿಲ್ಲ. ಶ್ಯಾಮಸುಂದರ್ ಅಪ್ಪ ಮಗಳನ್ನು ಬೆಂಗಳೂರಿನ ಸೀಟು ಹಂಚುವ ಕಚೇರಿಗೆ ಕರೆದೊಯ್ದರು. ಅಲ್ಲಿನ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ನೋಡಿ, ಮೂರು ವಿಷಯ ಕೂಡಿಸಬೇಕಲ್ಲ ಸಾರ್, ಒಂದೇ ಇಲ್ಲದಿದ್ದರೆ ಏನು ಕೂಡಿಸೋದು ಅಂತ ಸಮಾಧಾನವಾಗಿಯೇ ಕೇಳಿದರು. ಕೊನೆಯ ದಿನಾಂಕ ಆ ವಾರವೇ ಇತ್ತು. ನಾಗಮಣಿ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ವಯಸ್ಸಿನ ಹುಡುಗಿಯರು ಅಪ್ಪಂದಿರ ಜೊತೆ ಒಳಗೆ ಹೋಗಿ ಹೊರಗೆ ಬರುತ್ತಿದ್ದರು. ಮಾವ ಕಾಫಿ ತಂದುಕೊಟ್ಟರೆ ಕುಡಿದಳು.

ತಿಮ್ಮರಾಯಪ್ಪ ರೈಲು ಹತ್ತಿ ಉತ್ತರ ಭಾರತದಲ್ಲಿದ್ದ ಬೋರ್ಡಿನ ಕಚೇರಿಗೆ ಹೋದರು. ಕುವೈತಿನಲ್ಲಿ ಪಠಾಣರ ಜೊತೆ ಕೆಲಸ ಮಾಡಿ ಕಲಿತ ಹಿಂದಿಯಲ್ಲಿ ಭಾಯಿ, ಭಾಯಿ ಅಂತ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆದರು. ಕೊನೆಗೆ ಒಬ್ಬ ವಯಸ್ಸಾದ ಅಧಿಕಾರಿ ವಿಷಯ ಹೇಳಿದರು. ಆ ಕೇಂದ್ರದ ಕೆಲವು ಫಿಸಿಕ್ಸ್ ಉತ್ತರಪತ್ರಿಕೆಗಳು ಸಿಕ್ಕಿಲ್ಲ. ಕಟ್ಟಿದ ಕಡೆ ಬಿಟ್ಟುಹೋಯಿತೋ, ದಾರಿಯಲ್ಲೋ, ಇಲ್ಲಿಗೆ ಬಂದ ಮೇಲೋ, ಯಾರಿಗೂ ತಿಳಿಯದು. ಇಂಥ ಸಂದರ್ಭದಲ್ಲಿ ಎರಡು ದಾರಿ ಇವೆ. ಮುಂದಿನ ಮಾರ್ಚಿನಲ್ಲಿ ಆ ಒಂದು ಪೇಪರನ್ನು ಮತ್ತೆ ಬರೆಯಬಹುದು. ಇಲ್ಲವೇ ಉಳಿದ ವಿಷಯಗಳ ಅಂಕ ಕೂಡಿಸಿ ಭಾಗಿಸಿ ಸರಾಸರಿ ಕೊಡುತ್ತಾರೆ, ಅದನ್ನು ಒಪ್ಪಿಕೊಳ್ಳಬಹುದು. ಯಾವುದು ಅಂತ ಬರೆದುಕೊಡಿ ಅಂದರು.

ತಿಮ್ಮರಾಯಪ್ಪ ಅಲ್ಲೇ ಬರೆದುಕೊಡಲಿಲ್ಲ. ಮಗಳನ್ನು ಕೇಳದೆ ಹೇಗೆ ಅನ್ನಿಸಿತು. ಆದರೆ ತುಮಕೂರಿಗೆ ಬಂದ ಮೇಲೂ ಕೇಳಲು ಬಾಯಿ ಬರಲಿಲ್ಲ. ರಜೆ ಮುಗಿಯಿತು. ಫಹಾಹೀಲಿಗೆ ಬಂದ ಮೇಲೆ ಒಂದು ಶುಕ್ರವಾರ ಸಂಜೆ ಅವಳನ್ನು ಸಮುದ್ರದ ಕಡೆಗೆ ಕರೆದುಕೊಂಡು ಹೋದರು. ಮೀನಿನ ದೋಣಿಗಳು ಬಂದು ನಿಂತಿದ್ದವು. ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವರು ಇಡೀ ವಿಷಯವನ್ನು ನಿಧಾನವಾಗಿ, ಸೈಟಿನಲ್ಲಿ ಹುಡುಗರಿಗೆ ವೈರಿಂಗ್ ವಿವರಿಸುವ ಹಾಗೆ ವಿವರಿಸಿದರು.

"ನೀನು ಹೇಳು ಮಗಾ. ಮತ್ತೆ ಬರೀತೀಯೋ, ಅವರು ಕೊಟ್ಟಿದ್ದು ತಗೊಳ್ತೀಯೋ?"

"ಐ ಡೋಂಟ್ ಮೈಂಡ್, ಅಪ್ಪ."

"ಕನ್ನಡದಲ್ಲಿ ಹೇಳು."

ನಾಗಮಣಿ ಪದ ಹುಡುಕಿದಳು. "ಯಾವುದಾದ್ರೂ ಸರಿ" ಅಂದಳು.

ಅವಳು ಸಿಟ್ಟಿನಿಂದ ಹಾಗೆ ಅಂದದ್ದಲ್ಲ. ನಿಜವಾಗಿಯೂ ಎರಡರಲ್ಲಿ ಒಂದು ಹೆಚ್ಚು ಅಂತ ಅವಳಿಗೆ ಅನ್ನಿಸಲಿಲ್ಲ. ಹಲ್ಲು ಕೀಳುವಾಗ ಸೂಜಿ ಕೊಟ್ಟ ಮೇಲೆ ಕೆನ್ನೆ ಇದೆಯೋ ಇಲ್ಲವೋ ಅನ್ನಿಸುತ್ತದಲ್ಲ, ಜೂನಿನಿಂದ ಅವಳಿಗೆ ಎಲ್ಲವೂ ಹಾಗೇ ಇತ್ತು. ಊಟ ಮಾಡುತ್ತಿದ್ದಳು, ನಿದ್ದೆ ಬರುತ್ತಿತ್ತು, ಕರೆದರೆ ಓ ಅನ್ನುತ್ತಿದ್ದಳು.

ತಿಮ್ಮರಾಯಪ್ಪ ಸರಾಸರಿಗೆ ಒಪ್ಪಿ ಸಹಿ ಹಾಕಿದರು. ಮತ್ತೆ ಬರೆದದ್ದೂ ಕಳೆಯುವುದಿಲ್ಲ ಅಂತ ಯಾರು ಹೇಳಬೇಕು ಅನ್ನುವುದು ಅವರ ಭಯ.

ಅಂಕಪಟ್ಟಿ ಬರುವಾಗ ಚಳಿ ಶುರುವಾಗಿತ್ತು. ಫಿಸಿಕ್ಸಿನ ಎದುರಿಗೆ ಎಪ್ಪತ್ತೆರಡು ಅಂತ ಇತ್ತು. ಇಂಗ್ಲಿಷಿನಲ್ಲಿ ಯಾರಿಗೂ ಹೆಚ್ಚು ಕೊಡುತ್ತಿರಲಿಲ್ಲ, ಅದೂ ಸೇರಿ ಸರಾಸರಿ ಕೆಳಗೆ ಇಳಿದಿತ್ತು. ಆ ಅಂಕಕ್ಕೆ ಮುಂದಿನ ವರ್ಷವೂ ಮೆಡಿಕಲ್ ಸೀಟು ಸಿಗುವ ಹಾಗಿರಲಿಲ್ಲ. ಶ್ಯಾಮಸುಂದರ್ ಪಟ್ಟಿಯನ್ನು ನೋಡಿ ಬಿ.ಎಸ್ಸಿ.ಗೆ ಕಳಿಸಿ ಅಂತ ಬರೆದರು. ರಾಜಮ್ಮ ಆ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮನೆಯಲ್ಲಿ ಡಾಕ್ಟರ್ ಅನ್ನುವ ಮಾತು ನಿಂತುಹೋಯಿತು. ಅಂಗಡಿಯವನಿಗೂ ಹೇಗೋ ತಿಳಿದಿತ್ತು, ಅವನು ಈಗ ಬರೀ ಏನು ಬೇಕು ಅಂತ ಕೇಳುತ್ತಿದ್ದ.

ಮಥಾಯಸ್ ಸರ್ ಒಂದು ಮಧ್ಯಾಹ್ನ ಮನೆಗೆ ಬಂದರು. ಕೈಯಲ್ಲಿ ಆ ಪ್ರಶ್ನೆಪತ್ರಿಕೆ ಇತ್ತು. ಬಂದವರೇ ಕುರ್ಚಿ ಎಳೆದು ಕೂತು, ಇದು ನಿನ್ನ ಮಾರ್ಕು ಅಲ್ಲ, ಆವತ್ತು ಗೇಟಿನ ಹತ್ತಿರ ನೀನು ಹೇಳಿದ ಒಂದು ಉತ್ತರವೂ ತಪ್ಪಿರಲಿಲ್ಲ ಅಂದರು. ಈಗಲೇ ಇಲ್ಲೇ ಕೂತು ಪೂರ್ತಿ ಪೇಪರ್ ಮತ್ತೆ ಬರಿ, ನಾನು ಕಾಯುತ್ತೇನೆ ಅಂತ ಬಿಳಿ ಹಾಳೆಗಳನ್ನು ಮೇಜಿನ ಮೇಲಿಟ್ಟರು. ರಾಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ನಾಗಮಣಿ ಪೆನ್ನು ತೆಗೆದುಕೊಂಡಳು. ಮೊದಲ ಪ್ರಶ್ನೆ ಓದಿದಳು. ಉತ್ತರ ಅವಳಿಗೆ ಗೊತ್ತಿತ್ತು. ಅಂಚಿನಲ್ಲಿ ಒಂದು ಅಂತ ನಂಬರು ಬರೆದು ಅಲ್ಲಿಗೇ ನಿಲ್ಲಿಸಿದಳು.

"ಇದನ್ನ ಯಾರು ತಿದ್ತಾರೆ ಸರ್?"

"ನಾನು ತಿದ್ದುತ್ತೇನೆ."

"ಆಮೇಲೆ?"

ಮಥಾಯಸ್ ಸರ್ ಪ್ರಶ್ನೆಪತ್ರಿಕೆಯ ಮಡಿಕೆಯನ್ನು ಬೆರಳಿನಿಂದ ತೀಡಿದರು. ರಾಜಮ್ಮ ಟೀ ತಂದುಕೊಟ್ಟರು, ಅವರು ಕುಡಿದು, ಪ್ರಶ್ನೆಪತ್ರಿಕೆಯನ್ನು ತೆಗೆದುಕೊಂಡು ಹೋದರು. ಬಿಳಿ ಹಾಳೆಗಳನ್ನು ಬಿಟ್ಟುಹೋಗಿದ್ದರು. ಅವು ಕೆಲವು ದಿನ ದಿನಸಿ ಚೀಟಿ ಬರೆಯಲು ಬಂದವು.

ಬೆಟ್ಟಿ ನರ್ಸಿಂಗ್ ಓದಲು ಆಗಲೇ ಮಂಗಳೂರಿಗೆ ಹೋಗಿದ್ದಳು. ನಾಗಮಣಿ ಮನೆಯಲ್ಲಿ ಉಳಿದಳು. ಬೆಳಗ್ಗೆ ಅಪ್ಪನನ್ನು ಕಂಪನಿಯ ಬಸ್ಸು ಕರೆದೊಯ್ಯುತ್ತಿತ್ತು. ಆಮೇಲೆ ಅವಳು ಬಾಲ್ಕನಿಯ ಮರಳು ಗುಡಿಸುತ್ತಿದ್ದಳು. ಮಧ್ಯಾಹ್ನ ಟಿ.ವಿ.ಯಲ್ಲಿ ಏನು ಬಂದರೂ ನೋಡುತ್ತಿದ್ದಳು. ಅರ್ಥವಾಗದ ಅರಬ್ಬಿ ನಾಟಕದಲ್ಲಿ ಹೆಂಗಸರು ಜೋರಾಗಿ ಅಳುತ್ತಿದ್ದರು. ಮುಂದಿನ ವರ್ಷ ಬಿ.ಎಸ್ಸಿ.ಗೆ ಕಳಿಸುವ ಮಾತು ಎರಡು ಮೂರು ಸಲ ಬಂತು. ಅವಳು ಹೂಂ ಅಂದಳು, ಹೂಂ ಅಂದ ರೀತಿ ನೋಡಿ ಯಾರೂ ಮುಂದುವರಿಸಲಿಲ್ಲ. ಇಷ್ಟಾದರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ಎಂಥ ಗಟ್ಟಿ ಹುಡುಗಿ ಅಂತ ಹಬ್ಬದ ಊಟಕ್ಕೆ ಸೇರುವ ಹೆಂಗಸರು ಮಾತಾಡಿಕೊಂಡರು. ಅದರಲ್ಲಿ ಮೆಚ್ಚುಗೆ ಇರಲಿಲ್ಲ. ರಾಜಮ್ಮನಿಗೂ ಅದೇ ಸಂಕಟ. ಒಂದು ದಿನ ತಲೆ ಬಾಚುತ್ತಾ ಬಾಚಣಿಗೆ ನಿಲ್ಲಿಸಿ, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳೇ ಅಂದರು. ಏನೂ ಇಲ್ಲಮ್ಮ ಅಂದಳು ನಾಗಮಣಿ. ರಾಜಮ್ಮ ಮತ್ತೆ ಬಾಚತೊಡಗಿದರು.

ಅವಳನ್ನು ಮನೆಯಿಂದ ಹೊರಗೆ ತಂದವರು ಲಿಗೋರಿ. ಅವರ ಶೋರೂಮಿನಲ್ಲಿ ಟೈಪ್ ಮಾಡುತ್ತಿದ್ದ ಈಜಿಪ್ಟಿನ ಹೆಂಗಸು ಕೆಲಸ ಬಿಟ್ಟಿದ್ದಳು. ತಿಮ್ಮರಾಯಪ್ಪನವರ ಹತ್ತಿರ ಬಂದು, ಮನೆಯಲ್ಲಿ ಕೂತು ಎಂತ ಮಾಡುದು, ನನ್ನ ಜೊತೆಯಲ್ಲೇ ವ್ಯಾನಿನಲ್ಲಿ ಬರಲಿ, ನನ್ನ ಜೊತೆಯಲ್ಲೇ ವಾಪಸ್ ಅಂದರು. ರಾಜಮ್ಮನಿಗೆ ಇಷ್ಟವಿರಲಿಲ್ಲ. ನಾಗಮಣಿಯನ್ನು ಕೇಳಿದಾಗ ಅವಳು ಯಾವತ್ತಿನಿಂದ ಅಂತಷ್ಟೇ ಕೇಳಿದಳು.

ರಾಯ್‌ನಲ್ಲಿ ಉದ್ದಕ್ಕೂ ಶೋರೂಮುಗಳು, ಗ್ಯಾರೇಜುಗಳು, ತಗಡು ಬಡಿಯುವ ಸದ್ದು. ಅವಳ ಮೇಜು ಮಹಡಿಯ ಮೇಲೆ. ಕೆಳಗೆ ಕೌಂಟರಿನಲ್ಲಿ ಗಿರಾಕಿಗಳು ಮುರಿದ ಭಾಗವನ್ನೇ ಹಿಡಿದು ತಂದು ಇಂಥದ್ದು ಕೊಡಿ ಅನ್ನುತ್ತಿದ್ದರು. ಅವಳು ಉದ್ದುದ್ದ ನಂಬರುಗಳನ್ನು ಟೈಪ್ ಮಾಡಬೇಕಿತ್ತು. ಒಂದು ಅಂಕೆ ತಪ್ಪಿದರೆ ಜಪಾನಿನಿಂದ ಬೇರೇನೋ ಬಂದುಬಿಡುತ್ತಿತ್ತು. ಮ್ಯಾನೇಜರ್ ಒಬ್ಬ ಪ್ಯಾಲೆಸ್ಟೀನಿನವನು. ಬೆಳಗ್ಗೆ ಕೆಲಸಕ್ಕೆ ಯಲ್ಲಾ, ಸಂಜೆ ಮುಗಿದಾಗ ಖಲಾಸ್ ಅನ್ನುತ್ತಿದ್ದ, ನಡುವೆ ಅವನು ಅವಳ ತಂಟೆಗೆ ಬರುತ್ತಿರಲಿಲ್ಲ. ಅವಳಿಗೆ ಅಷ್ಟು ಸಾಕಿತ್ತು. ಕಫೀಲ್, ಅಂದರೆ ಶೋರೂಮಿನ ಯಜಮಾನ, ಅಲ್ಲಿ ವಾಸಿಸಲು ಬೇಕಾದ ಅವಳ ಇಕಾಮಾವನ್ನು ಅಪ್ಪನ ಹೆಸರಿನಿಂದ ತನ್ನ ಕಂಪನಿಗೆ ಬದಲಿಸಿಕೊಟ್ಟ. ಹಾಗೆ ಒಂದೂವರೆ ವರ್ಷ ಹೋಯಿತು.

ಎಂಬತ್ತೈದರ ಕೊನೆಯಲ್ಲಿ ಮಥಾಯಸ್ ಸರ್ ಕುವೈತು ಬಿಟ್ಟು ಉಡುಪಿಗೆ ಹೊರಟರು. ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾಗಮಣಿ ಲಿಗೋರಿಯವರ ಜೊತೆ ಹೋದಳು. ಸರ್ ಅವಳ ಆಫೀಸಿನ ಬಗ್ಗೆ ಕೇಳಿದರು, ರಾಜಮ್ಮನ ಮಂಡಿನೋವಿನ ಬಗ್ಗೆ ಕೇಳಿದರು, ಚಟ್ನಿ ಸ್ಯಾಂಡ್‌ವಿಚ್ ತಟ್ಟೆಯನ್ನು ಅವಳ ಮುಂದೆ ಹಿಡಿದರು. ಫಿಸಿಕ್ಸಿನ ಮಾತು ಎತ್ತಲಿಲ್ಲ. ಮಾರನೇ ವಾರ ಅವಳು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಫೋನ್ ಮಾಡಿ, ಹಳಬರು ಒಂದೇ ಪೇಪರನ್ನು ಖಾಸಗಿಯಾಗಿ ಮತ್ತೆ ಬರೆಯಬಹುದೇ ಅಂತ ವಿಚಾರಿಸಿದಳು. ಬರೆಯಬಹುದಿತ್ತು. ಯಾಕೆ ಬೇಕು ಅಂತ ಆ ಕಡೆಯವರು ಕೇಳಲಿಲ್ಲ.

ಮನೆಯಲ್ಲಿ ಹೇಳಿದಾಗ ತಿಮ್ಮರಾಯಪ್ಪ ಹೂಂ ಅಂದರು. ಹಳೆಯ ಪುಸ್ತಕ ತೆಗೆದು ಸಂಜೆ ಊಟವಾದ ಮೇಲೆ ಓದಿದಳು. ಅರ್ಧಕ್ಕರ್ಧ ಮರೆತುಹೋಗಿತ್ತು. ಮಾರ್ಚಿನಲ್ಲಿ ಸೀರೆಯುಟ್ಟು ಹಾಲಿನೊಳಗೆ ಹೋದಾಗ ಮೇಲ್ವಿಚಾರಣೆಯ ಮೇಡಂ ಅವಳನ್ನು ಹೊಸ ಟೀಚರ್ ಅಂದುಕೊಂಡು ಉತ್ತರಪತ್ರಿಕೆಗಳ ಕಟ್ಟನ್ನು ಕೈಗೆ ಕೊಟ್ಟರು. ನಾಗಮಣಿ ಅದನ್ನು ಮೇಜಿನ ಮೇಲಿಟ್ಟು, ತನ್ನ ಪ್ರವೇಶಪತ್ರ ತೋರಿಸಿ, ಸಮವಸ್ತ್ರದ ಹುಡುಗಿಯರ ನಡುವೆ ಕೂತಳು. ಬಂದಷ್ಟು ಬರೆದಳು. ಎರಡು ದೊಡ್ಡ ಪ್ರಶ್ನೆ ಬಿಟ್ಟಳು. ಒಂದು ಲೆಕ್ಕ ಎಲ್ಲೋ ತಪ್ಪಿದೆ ಅಂತ ಗೊತ್ತಿದ್ದೂ ಎಲ್ಲಿ ಅಂತ ಹೊಳೆಯಲಿಲ್ಲ. ಆಗ ಅವಳಿಗೆ ಬಹಳ ದಿನಗಳ ಮೇಲೆ ಎದೆ ಬಡಿದುಕೊಂಡಿತು. ಗಂಟೆ ಹೊಡೆಯುವವರೆಗೂ ಆ ಲೆಕ್ಕವನ್ನೇ ಹುಡುಕುತ್ತಿದ್ದಳು.

ಐವತ್ತೆಂಟು ಬಂತು. ಶುಕ್ರವಾರ ಮುದ್ದೆ ಮುರಿಯುತ್ತಾ ಅಮ್ಮನಿಗೆ ಹೇಳಿದಳು.

"ಮೊದಲು ಎಪ್ಪತ್ತೆರಡು ಇರ್ಲಿಲ್ವೇನೆ?" ಅಂದರು ರಾಜಮ್ಮ.

"ಅದು ಅವರು ಹಾಕಿದ್ದು. ಇದು ನಾನು ಬರೆದಿದ್ದು."

"ಇದರಿಂದ ಏನಾಗುತ್ತೆ ಈಗ?"

"ಏನೂ ಆಗಲ್ಲ" ಅಂದಳು. ಕನ್ನಡದಲ್ಲೇ ಅಂದಳು. ತಿಮ್ಮರಾಯಪ್ಪ ತಲೆಯೆತ್ತಿ ನೋಡಿ ಮತ್ತೆ ಊಟ ಮಾಡಿದರು. ರಾಜಮ್ಮ ಸಾರು ಬಡಿಸಲು ಎದ್ದವರು ಒಳಗೇ ನಿಂತುಬಿಟ್ಟರು. ನಾಗಮಣಿ ತಾನೇ ಹೋಗಿ ಪಾತ್ರೆ ತಂದು ಅಪ್ಪನಿಗೆ ಬಡಿಸಿದಳು.

ಆ ವರ್ಷ ಎಣ್ಣೆಯ ಬೆಲೆ ಬಿದ್ದಿತ್ತು. ಗುತ್ತಿಗೆ ಕಂಪನಿಗಳು ಒಂದೊಂದಾಗಿ ಜನ ಕಡಿಮೆ ಮಾಡಿದವು. ಡಿಸೆಂಬರಿನ ಒಳಗೆ ತಿಮ್ಮರಾಯಪ್ಪನವರ ಕೆಲಸವೂ ಹೋಯಿತು. ಮೂವರೂ ಊರಿಗೆ ಹೋಗುವುದು ಅಂತಲೇ ಅವರು ಪೆಟ್ಟಿಗೆ ಕಟ್ಟತೊಡಗಿದರು. ನಾಗಮಣಿ ತಾನು ಉಳಿಯುತ್ತೇನೆ ಅಂದಳು. ಅವಳದು ಸ್ವಂತ ಇಕಾಮಾ, ಶೋರೂಮಿನಲ್ಲಿ ಯಾರನ್ನೂ ತೆಗೆದಿರಲಿಲ್ಲ. ಮದುವೆಯಾಗದ ಹುಡುಗಿ ಒಬ್ಬಳೇ ಹೇಗೆ ಅಂತ ರಾಜಮ್ಮ ತಿಂಗಳಿಡೀ ವಾದ ಮಾಡಿದರು. ಮಗಳು ಎದುರು ವಾದ ಮಾಡಲಿಲ್ಲ, ಉಳಿಯುತ್ತೇನೆ ಅನ್ನುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಲಿಗೋರಿ ದಂಪತಿ ತಮ್ಮ ಮನೆಯಲ್ಲಿ ಬೆಟ್ಟಿಯ ಕೋಣೆ ಖಾಲಿ ಉಂಟು ಅಂದರು. ತಿಮ್ಮರಾಯಪ್ಪ ಆ ಕೋಣೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ನೋಡಿ, ಸಡಿಲವಾಗಿದ್ದ ಒಂದನ್ನು ಬದಲಿಸಿ, ಫ್ಯೂಸ್ ಹೋದರೆ ಏನು ಮಾಡಬೇಕು ಅಂತ ಮಗಳಿಗೆ ತೋರಿಸಿದರು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳ ಹಗ್ಗವನ್ನು ಇನ್ನೊಮ್ಮೆ ಬಿಗಿದರು. ರಾಜಮ್ಮ ಅತ್ತರು. ನಾಗಮಣಿ ಅವರ ಕೈಚೀಲ ಹಿಡಿದು ಬಾಗಿಲವರೆಗೂ ಹೋದಳು.

ಅವಳು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿದಳು. ಪ್ರತಿ ವರ್ಷದ ರಜೆಯನ್ನು ಪರೀಕ್ಷೆಗೆ ಹೊಂದಿಸಿಕೊಂಡು, ಮೈಸೂರಿನಲ್ಲಿ ಬರೆದು, ತುಮಕೂರಿನಲ್ಲಿ ಅಪ್ಪ ಅಮ್ಮನ ಜೊತೆ ಕೆಲವು ದಿನ ಇದ್ದು ವಾಪಸ್ ಬರುತ್ತಿದ್ದಳು. ಎಂಬತ್ತೆಂಟರಲ್ಲಿ ಬೆಟ್ಟಿ ಸ್ಟಾಫ್ ನರ್ಸ್ ಆಗಿ ಕುವೈತಿಗೆ ಬಂದು ಅದೇ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಕೊಂಡಳು. ಡ್ಯೂಟಿ ಮುಗಿಸಿ ಬೆಳಗ್ಗೆ ಬಂದವಳು ಕಾಲು ಚಾಚಿ ಕೂತು, ನಾಗಮಣಿ ಡಬ್ಬಿಗೆ ಚಿತ್ರಾನ್ನ ತುಂಬುವುದನ್ನು ನೋಡುತ್ತಾ ಒಂದು ದಿನ ಕೇಳಿದಳು.

"ಡಾಕ್ಟರ್ ಆಗಬೇಕಿತ್ತು ಅಂತ ನಿಂಗೆ ಯಾವತ್ತೂ ಕಾಣುದಿಲ್ವಾ?"

"ಆಗಬೇಕು ಅಂತ ನಂಗೆ ಅನ್ನಿಸಿತ್ತೋ ಇಲ್ವೋ, ಅದೇ ಗೊತ್ತಿಲ್ಲ ಬೆಟ್ಟಿ. ಆ ಪೇಪರ್ ಮಾತ್ರ ಚೆನ್ನಾಗಿ ಬರೆದಿದ್ದೆ."

ಬೆಟ್ಟಿ, ವಾರ್ಡಿನಲ್ಲಿ ರಾತ್ರಿ ಇಬ್ಬರು ತೀರಿಹೋದರು, ಆಗ ತನಗೆ ಏನೂ ಅನ್ನಿಸಲಿಲ್ಲ, ಬಸ್ಸಿನಲ್ಲಿ ಕೂತ ಮೇಲೆ ಇಳಿಯುವ ಸ್ಟಾಪೇ ಮರೆತುಹೋಯಿತು ಅಂದಳು. ನಾಗಮಣಿ ಡಬ್ಬಿಯ ಮುಚ್ಚಳ ಹಾಕಿ, ಉಳಿದದ್ದನ್ನು ತಟ್ಟೆಗೆ ಹಾಕಿ ಅವಳ ಮುಂದಿಟ್ಟು, ತಿಂದು ಮಲಗು ಅಂದಳು.

ಎಂಬತ್ತೊಂಬತ್ತರಲ್ಲಿ ಬಿ.ಕಾಂ. ಮುಗಿಯಿತು, ಸೆಕೆಂಡ್ ಕ್ಲಾಸು. ಮ್ಯಾನೇಜರ್ ಅವಳಿಗೆ ಬಿಡಿಭಾಗಗಳ ವಿಭಾಗವನ್ನೇ ವಹಿಸಿದ. ರಾಯ್‌ನ ಆ ಶೋರೂಮಿನ ಮಹಡಿಯಲ್ಲಿ ಅವಳಿಗೆ ಗಾಜಿನ ಒಂದು ಸಣ್ಣ ಕೋಣೆ ಸಿಕ್ಕಿತು. ಪಶ್ಚಿಮದ ಕಡೆಗಿದ್ದದ್ದರಿಂದ ಮಧ್ಯಾಹ್ನದ ಮೇಲೆ ವಿಪರೀತ ಬಿಸಿಲು. ಅವಳು ಪರದೆ ಎಳೆದುಕೊಂಡು ಕೆಲಸ ಮಾಡುತ್ತಿದ್ದಳು.